ಸುಲಭದ ಜಾನಪದ ಬೇಕಾಗಿದೆ

ಅಕ್ಟೋಬರ್ ಮೂರನೇ ವಾರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ನೀರಿನ ಟ್ಯಾಂಕರ್ ಜಗಳಕ್ಕೂ ನಾಯಿ ಜಗಳಕ್ಕೂ ತಾತ್ಕಾಲಿಕ ಕದನವಿರಾಮ. ರಾಜ್ಯೋತ್ಸವ ಹತ್ತಿರ ಬಂದಿರುತ್ತದೆ. ನಾನಿರುವ ಕಡೆಯೂ ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿಗಳು ಪ್ರಕಟಣೆ ಹಾಕಿದರು: ಈ ಸಲ ಮಕ್ಕಳ ಫ್ಯಾನ್ಸಿ ಡ್ರೆಸ್ ಸಾಕು, ಎಲ್ಲ ಕುಟುಂಬಗಳೂ ಒಟ್ಟಿಗೆ ಸೇರಿ ಒಂದು ಜಾನಪದ ಕುಣಿತ ಕುಣಿಯೋಣ, ಸುಲಭವಾದದ್ದು ಯಾವುದಾದರೂ ಇದ್ದರೆ ತಿಳಿಸಿ.

ಸುಲಭ ಎಂದರೆ ಎಷ್ಟು ಸುಲಭ ಎಂಬುದು ಪ್ರಕಟಣೆಯ ಕೆಳಗಿನ ಷರತ್ತುಗಳಲ್ಲಿತ್ತು. ಆರು ವರ್ಷದ ಮಗುವಿನಿಂದ ಎಪ್ಪತ್ತರ ತಾತನವರೆಗೆ ಎಲ್ಲರಿಗೂ ಬರುವಂತಿರಬೇಕು. ಹಾರುವುದು ಬೇಡ, ಮಂಡಿ ಆಪರೇಷನ್ ಆದವರಿದ್ದಾರೆ. ಕೂರುವುದು ಬೇಡ, ಕೂತವರನ್ನು ಎಬ್ಬಿಸಲು ಜನ ಬೇಕಾಗುತ್ತದೆ. ಬೆವರಬಾರದು, ಮೇಕಪ್ ಇರುತ್ತದೆ. ಕಲಿಯಲು ಎರಡು ಭಾನುವಾರ, ಅದೂ ತಿಂಡಿ ಮುಗಿದ ಮೇಲೆ, ಮ್ಯಾಚ್ ಶುರುವಾಗುವ ಮೊದಲು. ನಾಲ್ಕು ನಿಮಿಷ ದಾಟಬಾರದು. ದೇವರು ದಿಂಡರು ಆದಷ್ಟು ಕಡಿಮೆ ಇರಲಿ, ಆದರೆ ನೋಡಿದವರಿಗೆ ಮೈ ಜುಮ್ಮೆನ್ನಬೇಕು. ಈ ಎಲ್ಲ ಷರತ್ತುಗಳನ್ನೂ ಪೂರೈಸುವ ಕಾರ್ಯಕ್ರಮ ನನಗೆ ಗೊತ್ತಿರುವ ಮಟ್ಟಿಗೆ ಒಂದೇ: ನಾಡಗೀತೆಗೆ ಎದ್ದು ನಿಲ್ಲುವುದು. ಅದಕ್ಕೂ ನಮ್ಮ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಎಂದು ಅವಧಿ ಗೊತ್ತುಮಾಡಿ ಉಪಕಾರ ಮಾಡಿದೆ.

ಸಭೆ ಕ್ಲಬ್‌ಹೌಸಿನಲ್ಲಿ ಸೇರಿತು. ಮೊದಲು ಎದ್ದ ಹೆಸರು ಡೊಳ್ಳು ಕುಣಿತ. “ದಸರಾ ಮೆರವಣಿಗೇಲಿ ನೋಡಿದೀನಲ್ಲ, ಹಿಂದೆ ಹೋಗ್ತಾರೆ, ಮುಂದೆ ಬರ್ತಾರೆ, ಬಡೀತಾರೆ. ಅಷ್ಟೇ” ಎಂದರು ಎ ಬ್ಲಾಕಿನ ನಿವೃತ್ತ ಎಂಜಿನಿಯರ್. ಹೌದು, ಅಷ್ಟೇ. ಮರದ ಆ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತು ನೋಡಿದವರಿಗೆ ಮಾತ್ರ ಆ ‘ಅಷ್ಟೇ’ ಎಷ್ಟು ತೂಕದ್ದು ಎಂದು ಗೊತ್ತು. ಶಿವಮೊಗ್ಗ, ಚಿತ್ರದುರ್ಗ, ಬಳ್ಳಾರಿಯ ಕಡೆ ಬೀರೇಶ್ವರನ ಒಕ್ಕಲಾದ ಕುರುಬರ ಹುಡುಗರು ಅದನ್ನು ಹೊತ್ತು ಬಾಗುತ್ತಾರೆ, ಬಳುಕುತ್ತಾರೆ, ಒಬ್ಬರ ಮೇಲೊಬ್ಬರು ಹತ್ತಿ ನಿಂತು ಬಾರಿಸುತ್ತಾರೆ. ಈಗ ಹೆಣ್ಣುಮಕ್ಕಳ ತಂಡಗಳೂ ಬಾರಿಸುತ್ತವೆ. ನಮ್ಮ ಸಭೆಯಲ್ಲಿ ತೂಕದ ಮಾತು ಬಂದದ್ದೇ ತಡ, ಸ್ಟಾರ್ಟಪ್ಪಿನ ಹುಡುಗನೊಬ್ಬ ಪರಿಹಾರ ಕೊಟ್ಟ: “ಥರ್ಮಾಕೋಲ್ ಡೊಳ್ಳು ಮಾಡಿಸೋಣ ಅಂಕಲ್. ಸೌಂಡು ಸ್ಪೀಕರಲ್ಲಿ ಬರುತ್ತೆ.” ಸಭೆ ಒಂದು ಕ್ಷಣ ಗಂಭೀರವಾಗಿ ಯೋಚಿಸಿತು. ಥರ್ಮಾಕೋಲ್ ಪರಿಸರಕ್ಕೆ ಕೆಟ್ಟದ್ದು ಎಂಬ ಒಂದೇ ಕಾರಣಕ್ಕೆ ಪ್ರಸ್ತಾಪ ಬಿದ್ದುಹೋಯಿತು.

ಆಮೇಲೆ ಕಂಸಾಳೆ. ಮಲೆ ಮಹದೇಶ್ವರನ ಗುಡ್ಡರು ಗುರುವಿನಿಂದ ದೀಕ್ಷೆ ಪಡೆದು, ಎಡಗೈಯಲ್ಲಿ ಒಂದು ಕಂಚಿನ ತಾಳ ಹಿಡಿದು, ಬಲಗೈಯದನ್ನು ದಾರದಲ್ಲಿ ಬೀಸಿ ತಲೆಯ ಮೇಲೆ, ಬೆನ್ನ ಹಿಂದೆ, ತೊಡೆಯ ಕೆಳಗೆ ಬಡಿಯುವ ವಿದ್ಯೆ ಅದು. ಗುರಿ ಒಂದಿಷ್ಟು ತಪ್ಪಿದರೆ ಬೀಳುವ ಪೆಟ್ಟು ಪಕ್ಕದವನ ಹಣೆಗೆ. ಸಭೆಯಿಂದ ಬಂದ ಪ್ರಶ್ನೆ: “ಸ್ಟೀಲ್ ಪ್ಲೇಟಲ್ಲಿ ಮಾಡಬಹುದಾ?” ವೀರಗಾಸೆ ಎಂದಾಗ ಖಡ್ಗ ಇಲ್ಲದ ವೀರಗಾಸೆ ಇದೆಯೇ ಎಂದು ಒಬ್ಬರು ವಿಚಾರಿಸಿದರು. ದೇವಿಯ ಮುಖವಿರುವ ಬಿದಿರಿನ ಚೌಕಟ್ಟನ್ನು ಕೈಯಲ್ಲಿ ಮುಟ್ಟದೆ ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತಕ್ಕೆ ಹೆಲ್ಮೆಟ್ಟಿಗೆ ಅಂಟಿಸುವ ಉಪಾಯ ಸಿದ್ಧವಾಗಿತ್ತು. ಒಟ್ಟಿನಲ್ಲಿ ನಮ್ಮ ಸಮಿತಿಗೆ ಯಾವ ಕುಣಿತವೂ ಕಷ್ಟವಲ್ಲ. ಡೊಳ್ಳಿನಿಂದ ಡೊಳ್ಳನ್ನು, ಕಂಸಾಳೆಯಿಂದ ಕಂಚನ್ನು, ವೀರಗಾಸೆಯಿಂದ ವೀರನನ್ನು ತೆಗೆದುಬಿಟ್ಟರೆ ಉಳಿಯುವುದೆಲ್ಲ ಸುಲಭವೇ.

ಕಾಲೇಜಿಗೆ ಹೋಗುವ ಹುಡುಗರ ಗುಂಪು ಹಿಂದಿನ ಸಾಲಿನಿಂದ ಕೂಗಿತು: “ಕಾಂತಾರ ಡ್ಯಾನ್ಸ್! ಸ್ಟೆಪ್ಪೇ ಇಲ್ಲ, ಬರೀ ಎನರ್ಜಿ!” 2022ರಲ್ಲಿ ಆ ಚಿತ್ರ ಬಂದಾಗಿನಿಂದ ಬಣ್ಣ ಬಳಿದುಕೊಂಡು ವೇದಿಕೆ ಹತ್ತಿ ದೈವದಂತೆ ಕಿರುಚುವ ಚಾಳಿ ಶುರುವಾಗಿ, ತುಳುನಾಡಿನವರು ಇದು ನಮ್ಮ ಆರಾಧನೆ, ನಿಮ್ಮ ಐಟಂ ಅಲ್ಲ ಎಂದು ಹೇಳಿ ಹೇಳಿ ಸೋತಿದ್ದಾರೆ. 2025ರಲ್ಲಿ ಮುಂದಿನ ಚಿತ್ರ ಬಂದಾಗ ನಿರ್ಮಾಪಕರೇ ಯಾರೂ ಅನುಕರಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳಬೇಕಾಯಿತು. ಪುತ್ತೂರಿನ ಕಡೆಯ ಹಿರಿಯರೊಬ್ಬರು ಸಭೆಯಲ್ಲಿದ್ದರು. ಅವರು ಏನೂ ಮಾತಾಡಲಿಲ್ಲ, ಹುಡುಗರನ್ನು ತಿರುಗಿ ನೋಡಿದರು, ಅಷ್ಟೇ. ಆ ನೋಟದಲ್ಲಿ ಎನರ್ಜಿ ಸಾಕಷ್ಟಿತ್ತು. ಪ್ರಸ್ತಾಪ ಅಲ್ಲಿಗೇ ಮುಗಿಯಿತು.

ಇಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಕೊಡವ ಮಹಿಳೆಯೊಬ್ಬರು ಆಗ ಎದ್ದರು. ವಿರಾಜಪೇಟೆಯವರು, ಬ್ಯಾಂಕಿನಲ್ಲಿ ಕೆಲಸ. “ನಮ್ಮ ಕಡೆ ಮದುವೇಲಿ ವಾಲಗ ಊದಿಸ್ತಾರೆ. ಎಲ್ಲರೂ ಎದ್ದು ಕುಣೀತಾರೆ. ಅಜ್ಜಿಯಿಂದ ಹಿಡಿದು ಮಕ್ಕಳ ತನಕ. ಅದನ್ನೇ ಮಾಡಬಹುದಲ್ಲ?”

“ಸ್ಟೆಪ್ಸ್ ಹೇಗಿರುತ್ತೆ ಮೇಡಂ?”

“ಸ್ಟೆಪ್ಸ್ ಅಂತ ಏನಿಲ್ಲ. ವಾಲಗ ಶುರುವಾದರೆ ಕೈಕಾಲು ತಾನಾಗಿ ಆಡುತ್ತೆ.”

“ಹಾಗಾದ್ರೆ ಪ್ರಾಕ್ಟೀಸ್ ಏನು ಮಾಡೋದು?”

“ಪ್ರಾಕ್ಟೀಸ್ ಬೇಡ.”

ಸಭೆಗೆ ಇದು ಅರ್ಥವಾಗಲಿಲ್ಲ. ಪ್ರಾಕ್ಟೀಸ್ ಇಲ್ಲದಿದ್ದರೆ ಕೊರಿಯೋಗ್ರಾಫರ್ ಯಾಕೆ? ಕೊರಿಯೋಗ್ರಾಫರ್ ಇಲ್ಲದಿದ್ದರೆ ಬಜೆಟ್ ಯಾಕೆ? ಬಜೆಟ್ಟೇ ಇಲ್ಲದಿದ್ದರೆ ಸಮಿತಿ ಯಾಕೆ? ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲರೂ ಎದ್ದು ಕುಣಿದರೆ ನೋಡುವವರು ಯಾರು? ಖಜಾಂಚಿಗಳು ವಿನಯದಿಂದ “ಇದು ತುಂಬಾ ಸಿಂಪಲ್ ಆಯ್ತು ಮೇಡಂ, ಸ್ಟೇಜಿಗೆ ಸಾಲಲ್ಲ” ಎಂದರು. ಸುಲಭದ ಕುಣಿತ ಹುಡುಕಲು ಸೇರಿದ್ದ ಸಭೆ, ಸುಲಭವೆನ್ನುವ ಕಾರಣ ಕೊಟ್ಟು ಒಂದು ಕುಣಿತವನ್ನು ತಿರಸ್ಕರಿಸಿತು. ಇದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ, ಬೇಕಾದವರು ನೋಡಬಹುದು.

ಕೊನೆಗೆ ವಾಟ್ಸಾಪ್ ಪೋಲ್ ನಡೆದು ಕೋಲಾಟ ಗೆದ್ದಿತು. ಗೆದ್ದದ್ದಕ್ಕೆ ಕಾರಣ ಜಾನಪದ ಪ್ರೇಮವೆಂದು ತಿಳಿಯಬೇಡಿ. ನವರಾತ್ರಿಗೆಂದು ತರಿಸಿದ ದಾಂಡಿಯಾ ಕೋಲುಗಳು ಸ್ಟೋರ್ ರೂಮಿನಲ್ಲಿ ಮೂಟೆಗಟ್ಟಲೆ ಬಿದ್ದಿದ್ದವು. ಒಂದೇ ಖರ್ಚಿನಲ್ಲಿ ಎರಡು ಸಂಸ್ಕೃತಿ.

ಆ ದಾಂಡಿಯಾದ ವಿಷಯಕ್ಕೆ ಒಂದು ಮಾತು. ಇದೇ ಅಂಗಳದಲ್ಲಿ, ಇದೇ ಮಂಡಿನೋವಿನವರು, ತಿಂಗಳ ಹಿಂದಷ್ಟೇ ರಾತ್ರಿ ಹತ್ತೂವರೆಯವರೆಗೆ ಗರ್ಬಾ ಕುಣಿದಿದ್ದರು. ಗುಜರಾತಿನ ಗರ್ಬಾವನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮವರು ಅದಕ್ಕಿಂತ ಬಹಳ ಮೊದಲೇ ತಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದರು. ಅಲ್ಲಿ ಯಾರೂ ಸುಲಭವಾ ಕಷ್ಟವಾ ಎಂದು ಕೇಳಲಿಲ್ಲ. ವೃತ್ತ ತಿರುಗುತ್ತಿತ್ತು, ಬಂದವರು ನುಗ್ಗಿದರು, ಮುಂದಿನವರ ಕಾಲು ನೋಡಿ ತಮ್ಮ ಕಾಲು ಇಟ್ಟರು, ತಪ್ಪಿದರೆ ನಕ್ಕರು. ಕನ್ನಡದ ಕುಣಿತ ಎಂದ ಕೂಡಲೇ ಕುರ್ಚಿ, ಸ್ಟೇಜು, ಮುಖ್ಯ ಅತಿಥಿ, ಮೈಸೂರು ಪೇಟ ಎಲ್ಲ ಯಾಕೆ ಬರುತ್ತವೋ ಸಂಶೋಧಕರು ಹೇಳಬೇಕು. ಗೊಟಗೋಡಿಯಲ್ಲಿ ಒಂದು ಇಡೀ ಜಾನಪದ ವಿಶ್ವವಿದ್ಯಾಲಯವೇ ಇದೆ, ವಿಷಯ ಬೇಕಿದ್ದರೆ ಇಟ್ಟುಕೊಳ್ಳಲಿ.

ಕೋಲಾಟವೇನೋ ಗೊತ್ತಾಯಿತು, ಕಲಿಸುವವರು ಯಾರು? “ಸೆಕ್ಯುರಿಟಿಯವರು ಹಳ್ಳಿ ಕಡೆಯವರು, ಅವರಿಗೆ ಬರುತ್ತೆ” ಎಂದು ಯಾರೋ ಹೇಳಿದರು. ಗೇಟಿನಿಂದ ಕರೆಸಿದರು. ಆತ ಅಸ್ಸಾಮಿನವನು. ಬಿಹು ಆದರೆ ಬರುತ್ತದೆ ಸಾಬ್ ಎಂದ.

ಆಗ ಅಮೆರಿಕದಿಂದ ಈಚೆಗೆ ಮರಳಿದ ಡಿ ಬ್ಲಾಕಿನವರು ಕೈಯೆತ್ತಿದರು. ಅವರು ಅಲ್ಲಿದ್ದಾಗ ನ್ಯೂ ಇಂಗ್ಲೆಂಡಿನ ಕಡೆ ಕುಟುಂಬ ನೃತ್ಯ ಎಂದು ಊರವರೆಲ್ಲ ಸೇರಿ ಕುಣಿಯುವ ಕೂಟಗಳಿಗೆ ಹೋಗುತ್ತಿದ್ದರಂತೆ. ಅಲ್ಲೊಬ್ಬ ಕಾಲರ್ ಇರುತ್ತಾನೆ. ಪಿಟೀಲು ನುಡಿಯುತ್ತಿರುವಾಗಲೇ ಮುಂದಿನ ಹೆಜ್ಜೆ ಏನೆಂದು ಮೈಕಿನಲ್ಲಿ ಕೂಗಿ ಹೇಳುತ್ತಾನೆ. ಜನ ಅದರಂತೆ ಸಾಗುತ್ತಾರೆ. ಪ್ರಾಕ್ಟೀಸ್ ಇಲ್ಲ. ಮಕ್ಕಳು ಬಂದರೆ ವರ್ಜೀನಿಯಾ ರೀಲ್‌ನಂಥ ಹಗುರ ಕುಣಿತವನ್ನೇ ಆರಿಸಿಕೊಳ್ಳುತ್ತಾನೆ: ಎದುರುಬದುರು ಎರಡು ಸಾಲು, ಮುಂದೆ ಬಂದು ನಮಸ್ಕಾರ, ಕೈ ಹಿಡಿದು ಒಂದು ಸುತ್ತು, ಮೊದಲ ಜೋಡಿ ನಡುವೆ ಓಡಿ ಹೋಗಿ ಬರುವುದು. ಎಡ ಬಲ ತಪ್ಪಿದರೂ ಏನೂ ಮುಳುಗುವುದಿಲ್ಲ.

ಈ ಹಳೆಯ ಕುಣಿತಗಳನ್ನು ಅಲ್ಲಿ ಮತ್ತೆ ಎಬ್ಬಿಸಲು ಹೊರಟವರಲ್ಲಿ ಮೋಟಾರಿನ ಹೆನ್ರಿ ಫೋರ್ಡ್ ಕೂಡ ಒಬ್ಬ. ಜಾಝ್ ಕಂಡರೆ ಆಗದ ಆ ಮನುಷ್ಯ ಬೆಂಜಮಿನ್ ಲವೆಟ್ ಎಂಬ ನೃತ್ಯದ ಮೇಷ್ಟ್ರನ್ನು ಸಂಬಳಕ್ಕಿಟ್ಟುಕೊಂಡು, 1926ರಲ್ಲಿ ಹಳೆಯ ಕುಣಿತಗಳದೊಂದು ಪುಸ್ತಕವನ್ನೇ ಹೊರತಂದ. ಇಡೀ ದೇಶವನ್ನು ಕಾರಿನಲ್ಲಿ ಕೂರಿಸಿ, ಆಮೇಲೆ ಜನರಿಗೆ ಕಾಲಾಡಿಸುವುದು ಮರೆತುಹೋಯಿತಲ್ಲ ಎಂದು ಕೊರಗುವುದಕ್ಕೂ ದುಡ್ಡಿರಬೇಕು. ಅವನಿಗೆ ಇತ್ತು.

ಕಾಲರ್ ಎಂಬ ಹೆಸರು ಸಮಿತಿಗೆ ಬಹಳ ಹಿಡಿಸಿತು. ನಮ್ಮ ಹಳ್ಳಿಯ ಕೋಲಾಟದಲ್ಲೂ ಮುಂದಾಳು ಒಬ್ಬ ಪದ ಎತ್ತಿಕೊಟ್ಟು, ಒಳಸುತ್ತು ಹೊರಸುತ್ತು ಬದಲಾಗುವಾಗ ಕೂಗಿಯೇ ಸೂಚನೆ ಕೊಡುತ್ತಾನೆ ಎಂದು ನಾಗಮಂಗಲದ ಕಡೆಯವರೊಬ್ಬರು ನೆನಪಿಸಿದರು. ಅದಕ್ಕೆ ಅಷ್ಟು ಮರ್ಯಾದೆ ಸಿಗಲಿಲ್ಲ. ಬಾಸ್ಟನ್ ಕಡೆಯಿಂದ ಬಂದದ್ದರಿಂದ ಕಾಲರ್ ಠರಾವು ಸರ್ವಾನುಮತದಿಂದ ಪಾಸಾಯಿತು.

ಮೊದಲ ಭಾನುವಾರದ ಅಭ್ಯಾಸ. ಡಿ ಬ್ಲಾಕಿನವರು ಮೈಕ್ ಹಿಡಿದು “ಬಲಗೈ ಕೋಲು, ಎದುರಿನವರಿಗೆ!” ಎಂದರು. ಅರ್ಧ ವೃತ್ತ ಬಡಿಯಿತು. ಉಳಿದರ್ಧ ವೃತ್ತ ಕಾಯುತ್ತಿತ್ತು. ಅಸೋಸಿಯೇಷನ್ನಿನ ನಿಯಮದ ಪ್ರಕಾರ ಎಲ್ಲ ಪ್ರಕಟಣೆಯೂ ಮೂರು ಭಾಷೆಗಳಲ್ಲಿ ಇರಬೇಕು. ಹಿಂದಿಗೆ ಒಬ್ಬರು, ಇಂಗ್ಲಿಷಿಗೆ ಒಬ್ಬರು ಮೈಕಿಗೆ ಸರದಿ ನಿಂತಿದ್ದರು. ಕನ್ನಡದ ಬಲಗೈ ಬಡಿದು ವಾಪಸು ಬರುವ ಹೊತ್ತಿಗೆ ಹಿಂದಿಯ ಬಲಗೈ ಎದ್ದಿತು. ಅದು ಇಳಿಯುವಷ್ಟರಲ್ಲಿ ಕನ್ನಡದವರಿಗೆ ಎಡಗೈಯ ಸೂಚನೆ ಬಂದಿತ್ತು. ಇಂಗ್ಲಿಷಿನವರು ಇನ್ನೂ ಬಲಗೈಯಲ್ಲೇ ಇದ್ದರು. ಕೋಲಾಟಕ್ಕೆ ಸರಿಸಂಖ್ಯೆಯ ಜನ ಬೇಕು ಎಂಬುದು ಕೂಡ ಆವತ್ತೇ ಎಲ್ಲರಿಗೂ ತಿಳಿದದ್ದು. ಬೆಸವಾಗಿ ಉಳಿದ ಮಹನೀಯರು ಕಂಬಕ್ಕೆ ಬಡಿಯುತ್ತ ನಿಂತರು. ಸತ್ಯ ಹೇಳಬೇಕೆಂದರೆ ಇಡೀ ಅಂಗಳದಲ್ಲಿ ತಾಳ ತಪ್ಪದಿದ್ದವರು ಅವರೊಬ್ಬರೇ.

ಎರಡನೇ ಭಾನುವಾರ ಕೊರಿಯೋಗ್ರಾಫರ್ ಬಂದ. ಟಿವಿ ಶೋಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿದ ಅನುಭವವಿರುವ ಹುಡುಗ. ವೃತ್ತವನ್ನು ನೋಡಿದವನೇ ತಲೆ ಮೇಲೆ ಕೈಹೊತ್ತ. “ಸರ್, ಅರ್ಧ ಜನ ಆಡಿಯನ್ಸಿಗೆ ಬೆನ್ನು ತೋರಿಸ್ತಿದಾರೆ!” ವೃತ್ತದಲ್ಲಿ ಕುಣಿದರೆ ಅರ್ಧ ಜನರ ಬೆನ್ನು ಕಾಣುವುದು ಬ್ರಹ್ಮಾಂಡದ ನಿಯಮ. ಅವನು ಅದನ್ನು ಐದೇ ನಿಮಿಷದಲ್ಲಿ ಸರಿಪಡಿಸಿದ. ಮೂರು ಸಾಲು, ಕುಳ್ಳಗಿದ್ದವರು ಮುಂದೆ, ಎಲ್ಲರ ಮುಖವೂ ಕ್ಯಾಮೆರಾ ಕಡೆಗೆ. ಎದುರಿಗೆ ಯಾರೂ ಇಲ್ಲವಾದ್ದರಿಂದ ಕೋಲು ಬಡಿಯುವುದು ಯಾರಿಗೆ ಎಂಬ ಪ್ರಶ್ನೆ ಎದ್ದಿತು. “ಗಾಳಿಗೆ ಬಡೀರಿ ಸರ್, ಸೌಂಡ್ ಟ್ರ್ಯಾಕಲ್ಲಿದೆ” ಎಂದ. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಕೋಲಾಟ ನೋಡಿದ್ದೇನೆ. ಕೋಲು ಕೋಲನ್ನು ಮುಟ್ಟದ ಕೋಲಾಟವನ್ನು ಸೃಷ್ಟಿಸಿದ ಕೀರ್ತಿ ನಮ್ಮ ಬಡಾವಣೆಗೇ ಸಲ್ಲಬೇಕು. ಒಂದು ಅನುಕೂಲವೂ ಆಯಿತೆನ್ನಿ: ಪಕ್ಕದ ಫ್ಲ್ಯಾಟಿನವರ ಜೊತೆ ಮಾತು ಬಿಟ್ಟವರೂ ಧಾರಾಳವಾಗಿ ಭಾಗವಹಿಸಿದರು.

ವಿಡಿಯೋಗೆ ಇನ್ನೂ ಏನಾದರೂ ಬೇಕಿತ್ತು. ಜಡೆ ಕೋಲಾಟ ಎಂದರು. ಮೇಲಿನಿಂದ ಇಳಿಬಿಟ್ಟ ಬಣ್ಣದ ಬಟ್ಟೆಯ ಪಟ್ಟಿಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು, ಒಬ್ಬರ ಒಳಗೆ ಒಬ್ಬರು ನುಸುಳಿ ಸುತ್ತಿದರೆ ನಡುವೆ ಜಡೆ ಹೆಣೆಯುತ್ತ ಹೋಗುತ್ತದೆ. ಹೋದ ಹೆಜ್ಜೆಯಲ್ಲೇ ಹಿಂದಕ್ಕೆ ಬಂದರೆ ಬಿಚ್ಚಿಕೊಳ್ಳುತ್ತದೆ. ನೋಡಲು ಬಹಳ ಚೆಂದ. ನಮ್ಮವರು ಬ್ಯಾಸ್ಕೆಟ್‌ಬಾಲ್ ರಿಂಗಿಗೆ ಹಳದಿ ಕೆಂಪು ಪಟ್ಟಿಗಳನ್ನು ಕಟ್ಟಿದರು. ಹೆಣೆಯುವಾಗ ತಪ್ಪೇ ಆಗಲಿಲ್ಲ ಎನ್ನುವ ಹಾಗಿತ್ತು. ಹೆಣೆಯುವುದು ಸುಲಭ, ತಪ್ಪು ಮಾಡಿದರೂ ಏನೋ ಒಂದು ಹೆಣೆದುಕೊಳ್ಳುತ್ತದೆ. ಅರ್ಧ ದಾರಿಯಲ್ಲಿ ಸಿ ಬ್ಲಾಕಿನ ಮ್ಯಾನೇಜರರಿಗೆ ಸಿಂಗಪುರದಿಂದ ಫೋನು ಬಂತು. ಅವರು ಪಟ್ಟಿಯನ್ನು ಮಗನ ಕೈಗೆ ಕೊಟ್ಟು ಲಿಫ್ಟಿನ ಕಡೆ ನಡೆದರು. ಮಗನಿಗೆ ಅಪ್ಪ ಯಾರ ಒಳಗೆ ನುಸುಳಿ ಬಂದಿದ್ದರೆಂದು ಗೊತ್ತಿರಲಿಲ್ಲ. ಬಿಚ್ಚಲು ಹೊರಟಾಗ ಪಟ್ಟಿಗಳು ಒಂದಕ್ಕೊಂದು ಬಿಗಿದು ಜನ ಒಬ್ಬರ ಹೆಗಲಿಗೆ ಒಬ್ಬರು ಒತ್ತಿಕೊಂಡು ರಿಂಗಿನ ಕೆಳಗೆ ಒಂದೇ ಗೊಂಚಲಾಗಿ ನಿಂತರು. ಗೃಹಪ್ರವೇಶವಾದಾಗಿನಿಂದ ಅಷ್ಟು ಹತ್ತಿರ ಬಂದಿರದ ಕುಟುಂಬಗಳು ಅವು. ಕೊನೆಗೆ ಕತ್ತರಿ ತಂದರು. ಪಟ್ಟಿಯ ಗಂಟು ಈಗಲೂ ರಿಂಗಿನಲ್ಲಿದೆ, ಹುಡುಗರ ಚೆಂಡು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾರ್ಯಕ್ರಮದ ದಿನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನವೆಂಬರ್ ಒಂದಕ್ಕೆ ಹಾಲ್ ಖಾಲಿ ಇಲ್ಲದೆ ಇಪ್ಪತ್ತೊಂಬತ್ತಕ್ಕೆ ನಡೆಯಿತು. ಬಾಡಿಗೆಯ ಕಚ್ಚೆಗಳನ್ನು ಸೇಫ್ಟಿ ಪಿನ್ನುಗಳು ಎತ್ತಿ ಹಿಡಿದವು, ಕನ್ನಡವನ್ನು ಮುಖ್ಯ ಅತಿಥಿಗಳು ಎತ್ತಿ ಹಿಡಿದರು. ನಾಲ್ಕು ನಿಮಿಷ ಗಾಳಿಗೆ ಬಡಿದಾಯಿತು. ಕೆಳಗೆ ಕೂತವರೆಲ್ಲ ಫೋನು ಎತ್ತಿ ಚಿತ್ರೀಕರಿಸುತ್ತಿದ್ದರಿಂದ ಚಪ್ಪಾಳೆಗೆ ಕೈ ಖಾಲಿ ಇರಲಿಲ್ಲ. ಬಿಸಿಬೇಳೆಬಾತ್ ಚೆನ್ನಾಗಿತ್ತು.

ಪರಿಶೀಲನಾ ಸಭೆಯಲ್ಲಿ ಒಮ್ಮತದ ನಿರ್ಣಯ ಹೊರಬಂತು: ಜಾನಪದ ಬಹಳ ಕಷ್ಟ. ಮುಂದಿನ ವರ್ಷ ಹಳ್ಳಿಯಿಂದ ತಂಡವನ್ನೇ ಕರೆಸೋಣ, ಅವರು ಕುಣಿಯಲಿ, ನಾವು ಕುಟುಂಬ ಸಮೇತ ಕೂತು ನೋಡೋಣ. ಕಾರ್ಯದರ್ಶಿಗಳು ಅಲ್ಲೇ ಸ್ಪೀಕರ್ ಆನ್ ಮಾಡಿ ಮದ್ದೂರಿನ ಕಡೆಯ ಪಟ ಕುಣಿತದ ತಂಡದ ಯಜಮಾನರಿಗೆ ಫೋನ್ ಹಚ್ಚಿದರು.

“ಹನ್ನೆರಡು ಜನ ಬತ್ತೀವಿ ಸ್ವಾಮಿ. ಪಟ ಹೊರೋರು, ತಮಟೆಯೋರು ಎಲ್ಲ ಸೇರಿ.”

“ಆರು ಜನ ಸಾಕಲ್ವಾ ಯಜಮಾನ್ರೇ? ನಮ್ ಸ್ಟೇಜು ಚಿಕ್ಕದು. ಆಮೇಲೆ ಆ ಪಟ ಎಷ್ಟು ಉದ್ದ ಇರುತ್ತೆ?”

“ಹತ್ತಡಿ ಮ್ಯಾಲೇ ಇರ್ತವೆ.”

“ನಮ್ ಫಾಲ್ಸ್ ಸೀಲಿಂಗ್ ಒಂಬತ್ತಡಿ. ಸ್ವಲ್ಪ ಕತ್ತರಿಸಿಕೊಂಡು ಬರಕ್ಕಾಗುತ್ತಾ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಯಜಮಾನರು ಅದಕ್ಕೆ ಉತ್ತರ ಕೊಡದೆ, ತಮಟೆ ಕಾಯಿಸೋಕೆ ಒಂದು ಹೊರೆ ಹುಲ್ಲು, ಬೆಂಕಿ ಹಾಕೋಕೆ ಜಾಗ ಬೇಕಾಗುತ್ತೆ ಎಂದರು. ಚರ್ಮ ಬಿಗಿಯಾಗದಿದ್ದರೆ ನಾದ ಬರುವುದಿಲ್ಲ. ಫೆಸಿಲಿಟಿ ಮ್ಯಾನೇಜರ್ ಕೂತಲ್ಲಿಂದಲೇ ಎರಡೂ ಕೈ ಆಡಿಸಿದರು: ಹೊಗೆ ಕಂಡರೆ ಅಲಾರಂ ಹೊಡೆಯುತ್ತದೆ, ಸ್ಪ್ರಿಂಕ್ಲರ್ ಶುರುವಾಗುತ್ತದೆ.

“ಬೆಂಕಿ ಬ್ಯಾಡಾ ಅಂದ್ರೆ ಬುಡಿ ಸ್ವಾಮಿ, ಫೈಬರ್ ತಮಟೆ ಅದೆ, ಅದ್ನೇ ತತ್ತೀವಿ. ಕಾಯಿಸೋ ತಾಪತ್ರಯ ಇಲ್ಲ.”

ಕಾರ್ಯದರ್ಶಿಗಳಿಗೆ ಸಿಟ್ಟು ಬಂತು. “ಅದೆಲ್ಲ ಆಗಲ್ಲ ಯಜಮಾನ್ರೇ. ನಮಗೆ ಒರಿಜಿನಲ್ ಜಾನಪದಾನೇ ಬೇಕು. ಚರ್ಮದ್ದೇ ತನ್ನಿ, ಇಂಡಕ್ಷನ್ ಸ್ಟೌ ನಾವು ಕೊಡ್ತೀವಿ.”